ವಿಕ್ರಮ್ ಸಾರಾಭಾಯಿ ಮತ್ತು ಚಂದ್ರನ ಒಂದು ಹಗಲು

ಕಳೆದ ಆಗಸ್ಟ್ 23ರಂದು ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಬಾಹ್ಯಾಕಾಶ ದಿನ ಆಚರಿಸಿದಾಗ ವಿಕ್ರಮ್ ಸಾರಾಭಾಯಿ ಅವರ ಬಗ್ಗೆ ಐದು ನಿಮಿಷ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಟ್ಟಿದ ದಿನ, ತೀರಿಕೊಂಡ ದಿನ, ಕಟ್ಟಿದ ಸಂಸ್ಥೆಗಳು, ಸಿಕ್ಕ ಪ್ರಶಸ್ತಿಗಳು, ಎಲ್ಲವನ್ನೂ ಉರು ಹೊಡೆದುಕೊಂಡು ಹೋಗಿದ್ದೆ. ಚಪ್ಪಾಳೆಯೂ ಬಿತ್ತು. ಕೆಳಗಿಳಿಯಬೇಕು ಅನ್ನುವಷ್ಟರಲ್ಲಿ ಪ್ರಥಮ ಪಿಯುಸಿ ಕಾಮರ್ಸ್‌ನ ಒಬ್ಬಳು ಎದ್ದು ನಿಂತಳು. ಚಂದ್ರನ ಮೇಲೆ ಹೋಗುವ ಪೈಪೋಟಿ ನಮ್ಮ ದೇಶಕ್ಕೆ ಬೇಡ ಎಂದು ಸಾರಾಭಾಯಿ ಅವರೇ ಹೇಳಿದ್ದರಂತಲ್ಲ, ಹಾಗಿದ್ದ ಮೇಲೆ ಚಂದ್ರನ ಮೇಲಿಳಿದ ಲ್ಯಾಂಡರ್‌ಗೆ ಅವರ ಹೆಸರನ್ನೇ ಯಾಕೆ ಇಟ್ಟರು ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಮೈಕ್ ಹಿಡಿದುಕೊಂಡು ಸುಮ್ಮನೆ ನಿಂತೆ. ನಮ್ಮ ಫಿಸಿಕ್ಸ್ ಲೆಕ್ಚರರ್ ಎದ್ದು, ಉತ್ತರವನ್ನು ಕಾಲೇಜು ಪತ್ರಿಕೆಯಲ್ಲಿ ಬರೆದುಕೊಡುತ್ತಾಳೆ ಎಂದು ನನ್ನ ಪರವಾಗಿ ಮಾತು ಕೊಟ್ಟುಬಿಟ್ಟರು. ಹಾಗಾಗಿ ಈ ಬರಹ. ಐದು ನಿಮಿಷದಲ್ಲಿ ಹೇಳಿದ್ದಕ್ಕಿಂತ ಉದ್ದವಾಗಿದೆ, ಕ್ಷಮಿಸಿ.

ವಿಕ್ರಮ್ ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ದೊಡ್ಡ ಬಟ್ಟೆ ಗಿರಣಿಯ ಮಾಲೀಕರು. ತಾಯಿ ಸರಳಾದೇವಿ. ಎಂಟು ಮಕ್ಕಳ ಮನೆ. ಮಕ್ಕಳಿಗಾಗಿ ಮನೆಯಲ್ಲೇ ಶಾಲೆ ನಡೆಯುತ್ತಿತ್ತು, ಮೇಷ್ಟ್ರುಗಳೇ ಮನೆಗೆ ಬರುತ್ತಿದ್ದರು. ದೇಶದ ದೊಡ್ಡ ದೊಡ್ಡವರೆಲ್ಲ ಬಂದು ತಂಗುತ್ತಿದ್ದ ಮನೆ ಅದು. ಇದನ್ನು ಮುಚ್ಚಿಟ್ಟು ಅವರ ಜೀವನ ಬರೆಯುವುದು ಸರಿಯಲ್ಲ ಅನಿಸುತ್ತದೆ. ನಮ್ಮ ಪುಸ್ತಕಗಳಲ್ಲಿ ಬರುವ ಎಷ್ಟೋ ಮಹನೀಯರ ಹಾಗೆ ಅವರು ಬೀದಿ ದೀಪದ ಕೆಳಗೆ ಓದಿದವರಲ್ಲ. ಅವರ ಮುಂದೆ ಬಾಗಿಲುಗಳೆಲ್ಲ ತೆರೆದೇ ಇದ್ದವು.

ಆದರೆ ಅದೇ ಮನೆಯೊಳಗೆ ಬೇರೊಂದು ಗಾಳಿಯೂ ಇತ್ತು. ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ 1918ರಲ್ಲಿ ಗಾಂಧೀಜಿಯವರ ಜೊತೆ ಸೇರಿ ಗಿರಣಿ ಕಾರ್ಮಿಕರ ಮುಷ್ಕರ ನಡೆಸಿದರು. ಎದುರಿಗಿದ್ದ ಮಾಲೀಕರಲ್ಲಿ ಅವರ ತಮ್ಮನೇ ಮುಖ್ಯ. ವಿಕ್ರಮ್ ಅವರ ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಅಣ್ಣನೋ ತಮ್ಮನೋ ಗಳಿಸಿದ ದುಡ್ಡಿನ ಬಗ್ಗೆ ಊಟದ ಮನೆಯಲ್ಲೇ ಪ್ರಶ್ನೆ ಏಳುವಂಥ ಮನೆಯಲ್ಲಿ ಬೆಳೆದ ಹುಡುಗ, ದುಡ್ಡು ಯಾತಕ್ಕೆ ಖರ್ಚಾಗಬೇಕು ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಬಿಡಲಿಲ್ಲ. ಆ ಕಾಮರ್ಸ್ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ ಎಂದು ನನ್ನ ಅಂದಾಜು.

ಗುಜರಾತ್ ಕಾಲೇಜಿನಲ್ಲಿ ಓದಿ ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. 1940ರಲ್ಲಿ ಅಲ್ಲಿ ಪದವಿ ಮುಗಿಯುವ ಹೊತ್ತಿಗೆ ಎರಡನೇ ಮಹಾಯುದ್ಧ ಹತ್ತಿ ಉರಿಯುತ್ತಿತ್ತು. ಊರಿಗೆ ವಾಪಸಾಗಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗಕ್ಕೆ, ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಲು ಬಂದರು. ಯುದ್ಧದಿಂದಾಗಿ ವಾಪಸ್ ಹೋಗಲಾಗದೆ ಹೋಮಿ ಭಾಭಾ ಕೂಡ ಆಗ ಅಲ್ಲೇ ಇದ್ದರು. ಯುದ್ಧ ನಡೆಯದೆ ಹೋಗಿದ್ದರೆ ಈ ಇಬ್ಬರೂ ಬೆಂಗಳೂರಿನಲ್ಲಿ ಹೀಗೆ ಸೇರುತ್ತಿದ್ದರೋ ಇಲ್ಲವೋ. ಭರತನಾಟ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯ ಆಗಿದ್ದೂ ಬೆಂಗಳೂರಿನಲ್ಲೇ. 1942ರಲ್ಲಿ ಮದುವೆ ಆಯಿತು. ಮೃಣಾಲಿನಿಯವರ ಅಕ್ಕ, ಸುಭಾಷರ ಸೇನೆಯ ಕ್ಯಾಪ್ಟನ್ ಲಕ್ಷ್ಮಿ.

ಬೆಂಗಳೂರಿನಲ್ಲಿ ಅವರು ಹಿಡಿದ ವಿಷಯ ಕಾಸ್ಮಿಕ್ ಕಿರಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಂದ್ರನ ನೆಲಕ್ಕೂ ಅವರ ಜೀವನಕ್ಕೂ ನಿಜವಾದ ನಂಟು ಇರುವುದು ಇಲ್ಲಿ. ಬಾಹ್ಯಾಕಾಶದಿಂದ ಹಗಲೂ ರಾತ್ರಿ ಅತಿ ವೇಗದ ಕಣಗಳು, ಹೆಚ್ಚಾಗಿ ಪ್ರೋಟಾನುಗಳು, ಭೂಮಿಯ ಕಡೆಗೆ ಬರುತ್ತಲೇ ಇರುತ್ತವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೆ ಹೋಗಿ ಇವುಗಳನ್ನು ಗುರುತಿಸಿದರು. ಭೂಮಿಗೆ ಎರಡು ಕೊಡೆಗಳಿವೆ. ಒಂದು ಕಾಂತಕ್ಷೇತ್ರ, ಅದು ಎಷ್ಟೋ ಕಣಗಳನ್ನು ಪಕ್ಕಕ್ಕೆ ತಿರುಗಿಸುತ್ತದೆ. ಇನ್ನೊಂದು ವಾತಾವರಣ. ಅದನ್ನು ಹೊಕ್ಕ ಕಣ ಗಾಳಿಯ ಪರಮಾಣುಗಳಿಗೆ ಡಿಕ್ಕಿ ಹೊಡೆದು ಪುಡಿಯಾಗಿ, ಅದರ ಮಕ್ಕಳು ಮೊಮ್ಮಕ್ಕಳಂಥ ಕಣಗಳಷ್ಟೇ ಕೆಳಗಿನವರೆಗೆ ಬರುತ್ತವೆ. ಸಾರಾಭಾಯಿ ಬೆಂಗಳೂರಿನಲ್ಲಿ ಗೈಗರ್ ಕೌಂಟರ್ ಇಟ್ಟುಕೊಂಡು ಎಣಿಸಿದ್ದು ಈ ಮೊಮ್ಮಕ್ಕಳನ್ನು. ಯಾವ ಹೊತ್ತಿನಲ್ಲಿ ಎಷ್ಟು ಬರುತ್ತವೆ, ಹೊತ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತವೆಯೇ ಎಂದು ನೋಡಿದರು. 1942ರಲ್ಲಿ ಮೊದಲ ಪ್ರಬಂಧ ಪ್ರಕಟವಾಯಿತು. ಉಪಕರಣಗಳನ್ನು ಕಾಶ್ಮೀರದ ಬೆಟ್ಟಗಳ ಎತ್ತರಕ್ಕೂ ಒಯ್ದರು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಮರಳಿ 1947ರಲ್ಲಿ ಪಿಎಚ್‌.ಡಿ. ಪಡೆದರು. ಉಷ್ಣವಲಯದ ಅಕ್ಷಾಂಶಗಳಲ್ಲಿ ಕಾಸ್ಮಿಕ್ ಕಿರಣಗಳು ಹೇಗೆ ವರ್ತಿಸುತ್ತವೆ ಎಂಬುದೇ ಅವರ ಮಹಾಪ್ರಬಂಧದ ವಿಷಯ.

ಈಗ ಆ ಎರಡೂ ಕೊಡೆಗಳನ್ನು ಕಿತ್ತು ಹಾಕಿದ ಒಂದು ನೆಲವನ್ನು ನೆನೆಸಿಕೊಳ್ಳಿ. ಅದೇ ಚಂದ್ರ. ಅಲ್ಲಿ ಉಸಿರಾಡುವಂಥ ಗಾಳಿಯಿಲ್ಲ, ಇಡೀ ಗೋಳವನ್ನು ಕಾಯುವ ಕಾಂತಕ್ಷೇತ್ರವೂ ಇಲ್ಲ. ಬೆಂಗಳೂರಿಗೆ ಮೊಮ್ಮಕ್ಕಳು ಮಾತ್ರ ಬಂದರೆ ಚಂದ್ರನ ಮಣ್ಣಿಗೆ ಅಜ್ಜಂದಿರೇ ನೇರವಾಗಿ ಬಂದು ಬಡಿಯುತ್ತಾರೆ. 2019ರಲ್ಲಿ ಚೀನಾದ ಚಾಂಗ್'ಅ-4 ಲ್ಯಾಂಡರ್ ಅಲ್ಲಿ ಅಳೆದು ನೋಡಿದಾಗ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಳಗಿರುವವರಿಗೆ ತಗಲುವ ವಿಕಿರಣಕ್ಕಿಂತ ಸುಮಾರು ಎರಡೂವರೆ ಪಟ್ಟು ಚಂದ್ರನ ಮೇಲಿದೆ ಎಂದು ತಿಳಿಯಿತು. ಇದು ಮಾಮೂಲಿ ದಿನದ ಮಾತು. ಸೂರ್ಯ ಸಿಟ್ಟಾದ ದಿನ ಬೇರೆಯೇ. 1972ರ ಆಗಸ್ಟಿನಲ್ಲಿ ಸೂರ್ಯನಿಂದ ಕಣಗಳ ಭಾರೀ ಬಿರುಗಾಳಿ ಎದ್ದಿತು. ಅಪೊಲೊ 16ರವರು ಏಪ್ರಿಲ್‌ನಲ್ಲಿ ಹೋಗಿ ಬಂದಿದ್ದರು, ಅಪೊಲೊ 17ರವರು ಹೊರಡುವುದು ಡಿಸೆಂಬರ್‌ನಲ್ಲಿತ್ತು. ನಡುವೆ ಯಾರೂ ಅಲ್ಲಿರಲಿಲ್ಲ, ಬಚಾವಾದರು. ಸೂರ್ಯನಿಂದಾಗಿ ಕಾಸ್ಮಿಕ್ ಕಿರಣಗಳಲ್ಲಿ ಆಗುವ ಏರುಪೇರನ್ನೇ ಜೀವನಪೂರ್ತಿ ಓದಿದ ಸಾರಾಭಾಯಿ ಆ ಬಿರುಗಾಳಿಯನ್ನು ನೋಡಲು ಇರಲಿಲ್ಲ, ಅದಕ್ಕೆ ಏಳು ತಿಂಗಳು ಮೊದಲೇ ತೀರಿಕೊಂಡಿದ್ದರು.

ಮತ್ತೆ 1947ಕ್ಕೆ ಬರುತ್ತೇನೆ. ಕೇಂಬ್ರಿಡ್ಜಿನಿಂದ ಬಂದವರು ಆ ವರ್ಷದ ನವೆಂಬರ್ 11ರಂದು ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯ ಶುರುಮಾಡಿದರು. ವಯಸ್ಸು 28. ಒಂದು ಕಾಲೇಜಿನ ಕೆಲವು ಕೋಣೆಗಳಲ್ಲಿ ಕೆಲಸ ಆರಂಭವಾಯಿತು. ಹವಾಮಾನ ತಜ್ಞ ಕೆ.ಆರ್. ರಾಮನಾಥನ್ ಮೊದಲ ನಿರ್ದೇಶಕರು. ಇದರ ಜೊತೆಗೇ ಗಿರಣಿಗಳಿಗೊಂದು ಸಂಶೋಧನಾ ಸಂಘ, ಆಮೇಲೆ ಪತ್ನಿಯ ಜೊತೆ ನೃತ್ಯ ಸಂಸ್ಥೆ ದರ್ಪಣ, 1961ರಲ್ಲಿ ಅಹಮದಾಬಾದಿನ ಐಐಎಂ... ಪಟ್ಟಿ ಬಹಳ ಉದ್ದವಿದೆ, ಅದನ್ನೆಲ್ಲ ನಾನು ಭಾಷಣದಲ್ಲಿ ಹೇಳಿ ಆಗಿದೆ, ಇಲ್ಲಿ ಬಿಡುತ್ತೇನೆ. ಒಂದು ವಿಷಯ ಮಾತ್ರ ಬಿಡಲಾರೆ. ಉಡುಪಿ ಬಳಿಯ ಅದಮಾರಿನ ಹುಡುಗನೊಬ್ಬ ಇವರ ಹತ್ತಿರ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಲು ಅಹಮದಾಬಾದಿಗೆ ಹೋದ. ಅವರೇ ಯು.ಆರ್. ರಾವ್. ಮುಂದೆ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿಸಿದವರು. ಅದು 1975ರ ಏಪ್ರಿಲ್ 19ರಂದು ಹಾರಿತು.

ರಾಕೆಟ್ಟಿನ ಕಥೆ ಶುರುವಾಗುವುದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಲ್ಲಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅಲ್ಲಿಯೇ ಹಾದುಹೋಗುತ್ತದೆ. ಆ ರೇಖೆಯ ಮೇಲೆ ಸುಮಾರು 110 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಪ್ರವಾಹವೊಂದು ಹರಿಯುತ್ತದೆ. ಬಲೂನು ಅಲ್ಲಿಗೆ ಏರುವುದಿಲ್ಲ, ಉಪಗ್ರಹ ಅಷ್ಟು ಕೆಳಗೆ ನಿಲ್ಲುವುದಿಲ್ಲ, ರಾಕೆಟ್ಟೇ ಬೇಕು. ಜಾಗದಲ್ಲಿ ಸೇಂಟ್ ಮೇರಿ ಮ್ಯಾಗ್ದಲೀನ್ ಚರ್ಚ್ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕೇಳಿದಾಗ ಅವರು ತಮ್ಮ ಜನರ ಒಪ್ಪಿಗೆ ಪಡೆದು ಬಿಟ್ಟುಕೊಟ್ಟರು. ಚರ್ಚ್ ಕಚೇರಿಯಾಯಿತು, ಕಾರ್ಯಾಗಾರವೂ ಆಯಿತು. ರಾಕೆಟ್ಟಿನ ಭಾಗವನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಒಯ್ಯುವ ಆ ಫೋಟೋ ನೀವೆಲ್ಲ ನೋಡಿಯೇ ಇರುತ್ತೀರಿ. ಆ ಫೋಟೋ ನೋಡಿ ನಾವು ಹೆಮ್ಮೆಪಡುತ್ತೇವೆ ಸರಿ, ಆದರೆ ಊರು ಬಿಟ್ಟುಕೊಟ್ಟು ಬೇರೆ ಕಡೆ ಮನೆ ಕಟ್ಟಿಕೊಂಡ ಮೀನುಗಾರರ ಫೋಟೋ ನಾನಂತೂ ಎಲ್ಲೂ ನೋಡಿಲ್ಲ.

1963ರ ನವೆಂಬರ್ 21ರ ಸಂಜೆ ಅಮೆರಿಕದಿಂದ ಬಂದ ನೈಕ್-ಅಪಾಚೆ ರಾಕೆಟ್ ಹಾರಿತು. ಮೇಲೆ ಹೋಗಿ ಸೋಡಿಯಂ ಆವಿ ಬಿಟ್ಟಾಗ ಮುಸ್ಸಂಜೆಯ ಆಕಾಶದಲ್ಲಿ ಬಣ್ಣದ ಮೋಡ ಕಾಣಿಸಿತು. ಆ ರಾಕೆಟ್ ಜೋಡಿಸುವ ಕೆಲಸದಲ್ಲಿದ್ದವರು ರಾಮೇಶ್ವರದ ಯುವಕ ಎ.ಪಿ.ಜೆ. ಅಬ್ದುಲ್ ಕಲಾಂ. ಸಾರಾಭಾಯಿ ಆರಿಸಿಕೊಂಡ ಮೊದಲ ತಂಡದವರಲ್ಲಿ ಒಬ್ಬರು. ಅದಕ್ಕೂ ಮುಂಚೆ ತರಬೇತಿಗೆಂದು ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿನ ಗೋಡೆಯ ಮೇಲೊಂದು ಚಿತ್ರ ಕಂಡಿತು ಎಂದು ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬ್ರಿಟಿಷರ ಮೇಲೆ ರಾಕೆಟ್ ಬಿಡುತ್ತಿರುವ ಟಿಪ್ಪು ಸುಲ್ತಾನರ ಸೈನಿಕರ ಚಿತ್ರ ಅದು. ನಮ್ಮಲ್ಲಿಂದ ಬಸ್ಸು ಹತ್ತಿದರೆ ಸಿಗುವ ಶ್ರೀರಂಗಪಟ್ಟಣ, ಏಳು ಸಮುದ್ರದ ಆಚೆ ಗೋಡೆಯ ಮೇಲೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಆ ರಾಕೆಟ್‌ಗಳನ್ನು 1799ರ ನಂತರ ಇಂಗ್ಲೆಂಡಿಗೆ ಒಯ್ದು, ಅವನ್ನು ನೋಡಿಕೊಂಡು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಬಿದಿರಿನ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತದೆ, ಆದ್ದರಿಂದ ದೂರ ಹೋಗುತ್ತದೆ. ಅಷ್ಟೇ ಗುಟ್ಟು.

ಈಗ ಆ ಹುಡುಗಿಯ ಪ್ರಶ್ನೆ. ಅವಳು ಹೇಳಿದ್ದು ನಿಜ. ರಾಕೆಟ್ ಕಾರ್ಯಕ್ರಮ ಶುರುವಾದಾಗ, ಹೊಟ್ಟೆಗಿಲ್ಲದ ದೇಶಕ್ಕೆ ಇದೆಲ್ಲ ಯಾಕೆ ಎಂದು ಕೇಳಿದವರು ಬಹಳ. ಅವರಿಗೆ ಸಾರಾಭಾಯಿ ಕೊಟ್ಟ ಉತ್ತರದ ಸಾರ ಇಷ್ಟು: ಚಂದ್ರನಿಗೋ ಬೇರೆ ಗ್ರಹಕ್ಕೋ ಹೋಗುವುದರಲ್ಲಿ, ಮನುಷ್ಯರನ್ನು ಕಳಿಸುವುದರಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿಗೆ ಇಳಿಯುವ ಭ್ರಮೆ ನಮಗಿಲ್ಲ. ಆದರೆ ಮನುಷ್ಯರ, ಸಮಾಜದ ನಿಜವಾದ ಕಷ್ಟಗಳಿಗೆ ಹೊಸ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು. ಅಪೊಲೊ 11 ಚಂದ್ರನ ಮೇಲಿಳಿದದ್ದು 1969ರ ಜುಲೈ 20ರಂದು. ಒಂದು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಇಡೀ ಜಗತ್ತು ಚಂದ್ರನನ್ನು ನೋಡುತ್ತಿದ್ದಾಗ ಸಾರಾಭಾಯಿ ಅಮೆರಿಕದವರೊಡನೆ ಮಾಡಿಕೊಂಡ ಒಪ್ಪಂದ ಹಳ್ಳಿಗಳಿಗೆ ಟಿವಿ ಮುಟ್ಟಿಸುವುದಕ್ಕೆ. ಅವರು ತೀರಿಕೊಂಡ ಮೇಲೆ, 1975ರ ಆಗಸ್ಟಿನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಬೇಸಾಯ, ಆರೋಗ್ಯ, ಶಾಲಾ ಪಾಠಗಳ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಆ ಭಾಗ್ಯ. ನಮ್ಮ ಮಂಡ್ಯ ಅದರಲ್ಲಿ ಇರಲಿಲ್ಲ.

ಇದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅಬ್ಬಾ 2023ರಲ್ಲೇ ಕೇಳಿದ್ದರು. ಅವರದು ವೆಲ್ಡಿಂಗ್ ಅಂಗಡಿ. ಆವತ್ತು ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಇಳಿಯುವಾಗ ನಾನು ಅಂಗಡಿಯಲ್ಲೇ ಅವರ ಫೋನಿನಲ್ಲಿ ನೋಡುತ್ತಿದ್ದೆ. ಪಕ್ಕದ ಅಂಗಡಿಗಳವರೆಲ್ಲ ಬಂದು ಸುತ್ತ ನಿಂತಿದ್ದರು. ಇಳಿದ ಕೂಡಲೇ ಎಲ್ಲರೂ ಕೂಗಿದರು, ಅಬ್ಬಾ ಕೂಡ. ಆಮೇಲೆ ಗೇಟಿಗೆ ಬಣ್ಣ ಬಳಿಯುತ್ತಾ, ಅಷ್ಟು ದೂರ ಹೋಗಿ ನಮಗೆ ಸಿಗುವುದೇನು ಎಂದು ಕೇಳಿದರು. ನಾನು ಹೈಸ್ಕೂಲಿನಲ್ಲಿದ್ದೆ, ದೇಶಕ್ಕೆ ಹೆಮ್ಮೆ ಎಂದೆ. ಅವರು ತಲೆಯಾಡಿಸಿ ಸುಮ್ಮನಾದರು. ಒಪ್ಪಿಕೊಂಡ ಹಾಗಿರಲಿಲ್ಲ.

ಈ ಸಲ ಬರೆಯಲು ಓದಿಕೊಂಡಿದ್ದನ್ನು ರಾತ್ರಿ ಊಟದ ಹೊತ್ತಿಗೆ ಅವರಿಗೆ ಹೇಳುತ್ತಾ ಹೋದೆ. ಹೆಮ್ಮೆಯ ಮಾತು ಅವರಿಗೆ ಬೇಡ, ತಗಡು, ಕಬ್ಬಿಣ, ಬಿಸಿ, ತಂಪು, ಇವು ಬೇಕು. ಚಂದ್ರನ ನೆಲವಿರುವುದೂ ಹಾಗೆಯೇ.

ಅಲ್ಲಿ ಸಮಭಾಜಕದ ಹತ್ತಿರ ಮಧ್ಯಾಹ್ನದಲ್ಲಿ ನೆಲ ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ, ರಾತ್ರಿ ಮೈನಸ್ 130ಕ್ಕೂ ಕೆಳಗೆ ಹೋಗುತ್ತದೆ. ಧ್ರುವಗಳ ಬಳಿ ಎಂದೂ ಬಿಸಿಲು ಕಾಣದ ಕುಳಿಗಳಿವೆ, ಅಲ್ಲಿ ಕೆಲವೆಡೆ ಮೈನಸ್ 240ಕ್ಕಿಂತ ಕೆಳಗೆ. ನಮ್ಮಲ್ಲಿ ಬಿಸಿಯನ್ನು ಅತ್ತಿತ್ತ ಹಂಚಲು ಗಾಳಿಯಿದೆ, ಅಲ್ಲಿಲ್ಲ. ಹಾಗಾಗಿ ಯಂತ್ರದ ಬಿಸಿಲಿನ ಕಡೆ ಸುಡುತ್ತಿರುವಾಗಲೇ ನೆರಳಿನ ಕಡೆ ಕೊರೆಯುತ್ತಿರುತ್ತದೆ. ಅಬ್ಬಾ ತಕ್ಷಣ ಕೇಳಿದರು, ಹಾಗಾದರೆ ಜೋಡಣೆಗಳು ಬಿರುಕು ಬಿಡುವುದಿಲ್ಲವೇ ಎಂದು. ಬಿಡುತ್ತವೆ, ಅದೇ ಕಷ್ಟ. ಒಂದೊಂದು ಲೋಹ ಒಂದೊಂದು ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಲ್ಯಾಂಡರ್‌ಗೆ ಚಿನ್ನದ ಬಣ್ಣದ ಹಾಳೆಗಳನ್ನು ಪದರ ಪದರವಾಗಿ ಹೊದಿಸುತ್ತಾರೆ, ಥರ್ಮಾಸ್ ಫ್ಲಾಸ್ಕಿನ ಹಾಗೆ. ಇನ್ನೊಂದು ವಿಷಯ ಕೇಳಿ ಅವರು ಊಟದ ಕೈ ನಿಲ್ಲಿಸಿದರು. ನಿರ್ವಾತದಲ್ಲಿ ತುಕ್ಕು, ಎಣ್ಣೆ ಏನೂ ಇಲ್ಲದ ಒಂದೇ ಬಗೆಯ ಎರಡು ಲೋಹದ ತುಂಡುಗಳನ್ನು ಒತ್ತಿದರೆ ಬೆಂಕಿಯಿಲ್ಲದೆ, ಕಡ್ಡಿಯಿಲ್ಲದೆ ಅವು ಬೆಸೆದುಕೊಂಡುಬಿಡಬಹುದು. ಸಾಮಾನ್ಯ ಗ್ರೀಸು ಹಚ್ಚಿದರೆ ಆವಿಯಾಗುತ್ತದೆ. ಆದ್ದರಿಂದ ತಿರುಗುವ ಪ್ರತಿ ಭಾಗಕ್ಕೂ ಬೇರೆಯದೇ ಲೇಪನ ಬೇಕು.

ಧೂಳಿನದು ಇನ್ನೊಂದು ರಗಳೆ. ಹೇಮಾವತಿಯ ಮರಳನ್ನು ಕೈಯಲ್ಲಿ ಹಿಡಿದರೆ ಕಾಳುಗಳ ಅಂಚು ಸವೆದಿರುತ್ತದೆ, ನೀರಿನಲ್ಲಿ ಉರುಳಿ ಉರುಳಿ ಬಂದಿರುತ್ತವೆ. ಚಂದ್ರನಲ್ಲಿ ನೀರೂ ಇಲ್ಲ ಗಾಳಿಯೂ ಇಲ್ಲ. ಉಲ್ಕೆಗಳು ಕೋಟಿಗಟ್ಟಲೆ ವರ್ಷ ಕುಟ್ಟಿ ಕುಟ್ಟಿ ಮಾಡಿದ ಪುಡಿ ಹಾಗೇ ಚೂಪಾಗಿ ಉಳಿದಿದೆ, ಗಾಜಿನ ಪುಡಿಯಂತೆ. ಸೂರ್ಯನ ಕಿರಣ ಬಿದ್ದು ವಿದ್ಯುದಾವೇಶ ಬೇರೆ ಬರುವುದರಿಂದ ಬಟ್ಟೆಗೆ, ಕನ್ನಡಿಗೆ, ಸೋಲಾರ್ ಫಲಕಕ್ಕೆ ಅಂಟಿಕೊಳ್ಳುತ್ತದೆ. ಅಪೊಲೊ 17ರಲ್ಲಿ ಗಾಡಿಯ ಮಡ್‌ಗಾರ್ಡ್ ಮುರಿದಾಗ ಆ ಧೂಳಿನ ಮಳೆ ತಡೆಯಲಾಗದೆ ಗಗನಯಾತ್ರಿಗಳು ನಕ್ಷೆಯ ಹಾಳೆಗಳನ್ನು ಟೇಪು ಹಚ್ಚಿ ಮಡ್‌ಗಾರ್ಡ್ ಮಾಡಿಕೊಂಡರು. ಅಬ್ಬಾಗೆ ಇಡೀ ಕಥೆಯಲ್ಲಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ. ಅದೇ ಯಾನದ ಹ್ಯಾರಿಸನ್ ಶ್ಮಿಟ್‌ಗೆ ಒಳಗೆ ಬಂದು ಹೆಲ್ಮೆಟ್ ತೆಗೆದ ಮೇಲೆ ಧೂಳಿನಿಂದ ಮೂಗು ಕಟ್ಟಿತ್ತು.

ನಮ್ಮವರೂ ಇಂಥ ಪೆಟ್ಟು ತಿಂದೇ ಕಲಿತಿದ್ದು. 2008ರ ಚಂದ್ರಯಾನ-1 ಚಂದ್ರನಲ್ಲಿ ನೀರಿನ ಅಂಶವಿದೆ ಎಂದು ತೋರಿಸಿಕೊಟ್ಟಿತು. ಆದರೆ ಚಂದ್ರನಿಂದ ಮೇಲಕ್ಕೆ ಬರುವ ಶಾಖ ಲೆಕ್ಕಕ್ಕಿಂತ ಹೆಚ್ಚಾಗಿ, ಎರಡು ವರ್ಷ ಎಂದುಕೊಂಡಿದ್ದ ಕೆಲಸ ಹತ್ತು ತಿಂಗಳಿಗೇ ನಿಂತಿತು. 2019ರ ಸೆಪ್ಟೆಂಬರ್ 7ರಂದು ಮೊದಲ ವಿಕ್ರಮ್ ಇಳಿಯುವಾಗ ಅಪ್ಪಳಿಸಿತು. ಎರಡನೆಯದಕ್ಕೆ ಮುಂಚೆ ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಹಾಗೆ ಕುಳಿಗಳನ್ನು ತೋಡಿ ಇಳಿಯುವ ಉಪಕರಣಗಳನ್ನು ಪರೀಕ್ಷಿಸಿದರು. ಲ್ಯಾಂಡರನ್ನು ಕಟ್ಟಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಶಿಷ್ಯನ ಹೆಸರಿನ ಮನೆಯಲ್ಲಿ ಗುರುವಿನ ಹೆಸರಿನ ಯಂತ್ರ. ಅದರ ಮಾತು ಕೇಳಿಸಿಕೊಂಡಿದ್ದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ.

ವಿಕ್ರಮ್ ಇಳಿದ ಜಾಗ ದಕ್ಷಿಣಕ್ಕೆ ಸುಮಾರು 69 ಡಿಗ್ರಿ ಅಕ್ಷಾಂಶ. ಅಲ್ಲಿ ಚಾಸ್ಟೆ ಎಂಬ ಉಪಕರಣ ಒಂದು ಸೂಜಿಯನ್ನು ಮಣ್ಣಿಗೆ ಇಳಿಸಿತು. ಅದಕ್ಕೆ ಹತ್ತು ತಾಪಮಾಪಕಗಳು. ಮೇಲ್ಮೈಯಲ್ಲಿ 82 ಡಿಗ್ರಿವರೆಗೆ ಬಿಸಿ ಕಂಡಿತು, ವಿಜ್ಞಾನಿಗಳು ಎಣಿಸಿದ್ದು ಇಷ್ಟಿರಲಿಲ್ಲ. ಲ್ಯಾಂಡರ್ ನಿಂತಿದ್ದು ಸೂರ್ಯನ ಕಡೆಗೆ ವಾಲಿದ ಸಣ್ಣ ಇಳಿಜಾರಿನಲ್ಲಿ, ಒಂದು ಮೀಟರ್ ಆಚೆ ಸಮತಟ್ಟಾದ ಕಡೆ 59 ಡಿಗ್ರಿ ಮಾತ್ರ ಇತ್ತು. ಇನ್ನೂ ಸೋಜಿಗ ಕೆಳಗಿದೆ. ಕೇವಲ 8 ಸೆಂಟಿಮೀಟರ್ ಆಳದಲ್ಲಿ, ಅಂದರೆ ನಾಲ್ಕು ಬೆರಳು ಇಳಿಸಿದರೆ, ಸುಮಾರು ಮೈನಸ್ 10. ಆ ಪುಡಿ ಮಣ್ಣು ಶಾಖವನ್ನು ಕೆಳಗೆ ಬಿಡುವುದೇ ಇಲ್ಲ, ಕಂಬಳಿಯ ಹಾಗೆ. ಮುಂದೆ ಮನುಷ್ಯರು ಅಲ್ಲಿ ಉಳಿಯುವುದಾದರೆ ಮಣ್ಣಿನೊಳಗೆ ಮನೆ ಮಾಡಿಕೊಂಡರೆ ಶಾಖದಿಂದಲೂ ಕಿರಣದಿಂದಲೂ ತಪ್ಪಿಸಿಕೊಳ್ಳಬಹುದು ಎನ್ನುವುದು ಇದಕ್ಕೇ.

ಈ ಚಾಸ್ಟೆಯನ್ನು ಮಾಡಿದವರು ಯಾರು ಎಂದು ನೋಡಿದಾಗ ನನಗೆ ಉತ್ತರ ಸಿಕ್ಕಿತು ಅನಿಸಿತು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪ್ರಯೋಗಾಲಯ, ಜೊತೆಗೆ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯ. ತುಂಬಾದ ಚರ್ಚು, 1947ರ ಆ ಕೆಲವು ಕೋಣೆಗಳು! ರೋವರ್ ಪ್ರಜ್ಞಾನ್ ಸುಮಾರು 100 ಮೀಟರ್ ಓಡಾಡಿ 23 ಕಡೆ ಮಣ್ಣಿನ ಧಾತುಗಳನ್ನು ಅಳೆದ ಎಕ್ಸ್‌ರೇ ಉಪಕರಣವೂ ಅಹಮದಾಬಾದಿನದೇ. ಚಂದ್ರ ಒಂದು ಕಾಲದಲ್ಲಿ ಕರಗಿದ ಕಲ್ಲಿನ ಕಡಲಾಗಿತ್ತು ಎಂಬ ವಾದಕ್ಕೆ ಅದರಿಂದ ಬಲ ಬಂದಿತು.

ಹಾಗಾಗಿ ನನ್ನ ಉತ್ತರ ಇದು. ಸಾರಾಭಾಯಿ ಬೇಡ ಎಂದಿದ್ದು ಪೈಪೋಟಿಯನ್ನು, ತೋರಿಕೆಯನ್ನು. ಆಕಾಶವನ್ನು ಅಳೆಯುವುದನ್ನಲ್ಲ. ಅವರ ಸ್ವಂತ ವಿಜ್ಞಾನವೇ ನೋಡಿ, ಬೆಂಗಳೂರಿನ ಕೋಣೆಯಲ್ಲಿ ಕೂತು ಕಾಣದ ಕಣಗಳನ್ನು ಎಣಿಸುವುದರಿಂದ 1942ರಲ್ಲಿ ಯಾರ ಹೊಲಕ್ಕೂ ನೀರು ಬರಲಿಲ್ಲ. ಆದರೂ ಎಣಿಸಿದರು. ಅಳೆದಿದ್ದನ್ನೂ ಹಂಚಿದ್ದನ್ನೂ ಅವರು ಬೇರೆ ಬೇರೆ ಮಾಡಿ ನೋಡಲಿಲ್ಲ. ಆದರೆ ಎಲ್ಲ ಖರ್ಚನ್ನೂ ಅವರು ಒಪ್ಪುತ್ತಿದ್ದರು ಎಂದು ನಾನು ಹೇಳಲಾರೆ. ಮನುಷ್ಯರನ್ನು ಚಂದ್ರನಿಗೆ ಕಳಿಸುವ ಮಾತು ಈಗ ನಡೆಯುತ್ತಿದೆ. ಅದಕ್ಕೆ ಅವರು ಏನನ್ನುತ್ತಿದ್ದರೋ, ಅಲ್ಲಿ ಕಾಮರ್ಸ್ ಹುಡುಗಿಯ ಪ್ರಶ್ನೆ ಹಾಗೇ ನಿಂತಿದೆ. ಅಬ್ಬಾ ಕೂಡ ಧೂಳು, ಬೆಸುಗೆ ಎಲ್ಲ ಕೇಳಿ ಸಂತೋಷಪಟ್ಟರು, ಆದರೆ ಅರ್ಧ ಒಪ್ಪಿದ್ದೇನೆ ಎಂದರು. ಅರ್ಧ ಎಂದರೆ 2023ಕ್ಕಿಂತ ಹೆಚ್ಚೇ.

1966ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡ ಮೇಲೆ ಪರಮಾಣು ಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಹೆಗಲಿಗೆ ಬಿದ್ದಿತ್ತು. ಅಹಮದಾಬಾದ್, ಮುಂಬೈ, ದೆಹಲಿ, ತುಂಬಾ, ಹೀಗೆ ಸುತ್ತುತ್ತಲೇ ಇದ್ದರು. ಒಬ್ಬ ಮನುಷ್ಯ ಇಷ್ಟು ಹೊರಬಾರದಿತ್ತು. 1971ರ ಡಿಸೆಂಬರ್ 30ರಂದು ತುಂಬಾ ಬಳಿಯ ಕೋವಳಂನಲ್ಲಿ ತಂಗಿದ್ದಾಗ ನಿದ್ದೆಯಲ್ಲೇ ತೀರಿಕೊಂಡರು. 52 ವರ್ಷ. ಅವರನ್ನು ಭೇಟಿಯಾಗಲು ದೆಹಲಿಯಿಂದ ಹೊರಟಿದ್ದ ಕಲಾಂ ಅವರಿಗೆ ಸುದ್ದಿ ತಿಳಿದಿದ್ದು ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ.

ವಿಕ್ರಮ್ ಲ್ಯಾಂಡರ್‌ದೂ ಚಿಕ್ಕ ಆಯುಷ್ಯ. ಚಂದ್ರನ ಒಂದು ಹಗಲು, ನಮ್ಮ 14 ದಿನ. ನಾವು ಚಾಂದ್ ನೋಡಿ ತಿಂಗಳು ಎಣಿಸುತ್ತೇವಲ್ಲ, 29 ಅಥವಾ 30 ದಿನ, ಅಷ್ಟು ಹೊತ್ತಿಗೆ ಚಂದ್ರನ ನೆಲದಲ್ಲಿ ಆಗುವುದು ಒಂದೇ ಹಗಲು, ಒಂದೇ ರಾತ್ರಿ. ಸೋಲಾರ್ ಮೇಲೆ ನಡೆಯುವ ಯಂತ್ರ, ರಾತ್ರಿಯ ಚಳಿ ತಡೆಯಲು ಒಳಗೆ ಹೀಟರ್ ಉರಿಸುವಷ್ಟು ಶಕ್ತಿಯಿಲ್ಲ. ಸೆಪ್ಟೆಂಬರ್ 3ರಂದು ಎಂಜಿನ್ ಹಚ್ಚಿ ಒಂದು ಮೊಳ ಮೇಲೆ ಹಾರಿ ಪಕ್ಕಕ್ಕೆ ಇಳಿದು ತೋರಿಸಿತು. 4ರಂದು ಮಲಗಿಸಿದರು. 22ರಂದು ಮತ್ತೆ ಬೆಳಗಾದಾಗ ಕೂಗಿದರು, ಉತ್ತರ ಬರಲಿಲ್ಲ.

ಚಂದ್ರನ ಮೇಲೆ ಸಾರಾಭಾಯಿ ಹೆಸರು ಇನ್ನೊಂದು ಕಡೆಯೂ ಇದೆ, ಲ್ಯಾಂಡರ್‌ಗೂ ಬಹಳ ಮುಂಚಿನಿಂದ. 1973ರಲ್ಲಿ ಸೆರೆನಿಟಿ ಸಮುದ್ರ ಎಂದು ಕರೆಯುವ ಒಣ ಬಯಲಿನ ಒಂದು ಕುಳಿಗೆ ಅವರ ಹೆಸರಿಟ್ಟರು. ಸುಮಾರು 8 ಕಿಲೋಮೀಟರ್ ಅಗಲ. ಚಂದ್ರಯಾನ-2ರ ಕ್ಯಾಮೆರಾ ಅದರ ಚಿತ್ರ ತೆಗೆದು 1.7 ಕಿಲೋಮೀಟರ್ ಆಳ ಎಂದು ಲೆಕ್ಕ ಹಾಕಿತು. ಅಲ್ ಬಿರೂನಿ, ಇಬ್ನ್ ಅಲ್ ಹೈಥಮ್, ಉಲುಗ್ ಬೇಗ್ ಅವರ ಹೆಸರಿನ ಕುಳಿಗಳೂ ಅಲ್ಲಿವೆ. ಚಾಂದ್ ಕಂಡ ಐದಾರನೇ ಸಂಜೆ ತಾರಸಿ ಹತ್ತಿ ನೋಡಿ. ಬೆಳಕು ಕತ್ತಲೆ ಸೇರುವ ಗೆರೆ ಇರುತ್ತದಲ್ಲ, ಆ ಗೆರೆಯ ಮೇಲೆ ಅಲ್ಲಿ ಸೂರ್ಯ ಹುಟ್ಟುತ್ತಿರುತ್ತಾನೆ. ಸೆರೆನಿಟಿಯ ಕಪ್ಪು ಕಲೆ ಬರಿಗಣ್ಣಿಗೆ ಕಾಣುತ್ತದೆ, ಸಾರಾಭಾಯಿ ಕುಳಿ ಕಾಣುವುದಿಲ್ಲ. ಅದಕ್ಕೆ ದೂರದರ್ಶಕ ಬೇಕು. ಅಬ್ಬಾ ಹಳೆಯ ಪೈಪಿನಲ್ಲಿ ಅದಕ್ಕೊಂದು ಸ್ಟ್ಯಾಂಡ್ ಬೆಸೆದುಕೊಡುತ್ತೇನೆ ಎಂದಿದ್ದಾರೆ. ದೂರದರ್ಶಕವನ್ನು ಕಾಲೇಜಿನವರು ಕೊಡಿಸಬೇಕು.